ಕತ್ತಿನ ಗಂಟಿನಿಂದ ಸೊಂಟದವರೆಗೆ

ಅವರ ಹೆಬ್ಬೆರಳು ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ತಲೆ ಬಗ್ಗಿಸಿದರೆ ಕತ್ತಿನ ಹಿಂದೆ ಎದ್ದು ಕಾಣುವ ಗಂಟು ಮೂಳೆ ಇದೆಯಲ್ಲ, ಅದನ್ನು ಹೆಬ್ಬೆರಳಿನಿಂದ ತಡಕಿ, ಒತ್ತಿ ಹಿಡಿದು, ಅಲ್ಲಿಂದ ಟೇಪನ್ನು ಕೆಳಗೆ ಬಿಡುತ್ತಿದ್ದರು. ಬಾಯಲ್ಲಿ ಸದಾ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ "ನೆಟ್ಟಗೆ ನಿಲ್ರಿ" ಎನ್ನುವ ಮಾತು ಮೂಗಿನಿಂದ ಬರುತ್ತಿತ್ತು. ಟೇಪಿನ ಮೊದಲ ಎರಡು ಇಂಚು ಆ ಹೆಬ್ಬೆರಳಿನ ಕೆಳಗೆ ಸವೆದು ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಹೊಸದು ತಗೊಳ್ಳಿ ಎಂದರೆ, "ಒಂದು ಎರಡು ಎಲ್ಲಿರ್ತಾವೆ ಅಂತ ನನಗೆ ಗೊತ್ತಿಲ್ಲೇನ್ರಿ" ಎಂದು ನಗುತ್ತಿದ್ದರು.

ನ್ಯಾಮತಿಯಲ್ಲಿ ನಮ್ಮ ಮನೆಯಿಂದ ಮೂರನೇ ಬಾಗಿಲು ಅವರದು. ಮುಂದಿನ ಕೋಣೆಯಲ್ಲಿ ಮಷೀನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಗಂಡ ಲಗೇಜ್ ಆಟೋ ಓಡಿಸುತ್ತಿದ್ದರು, ಒಬ್ಬಳೇ ಮಗಳು. ಇಡೀ ಬೀದಿಗೆ ಅವರು ಟೈಲರಕ್ಕ. ನಾನು ಸವಳಂಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಹಾಗಾಗಿ ಅವರ ಬಾಯಲ್ಲಿ ಟೀಚರಮ್ಮ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವರು, ಆದರೂ ಕೊನೆಯವರೆಗೂ ಬಹುವಚನ ಬಿಡಲಿಲ್ಲ.

ಹೊಲಿಯಲು ಕೊಡುವಾಗ ಮೈಗೆ ಚೆನ್ನಾಗಿ ಕೂರುವ ಹಳೆಯ ಬ್ಲೌಸೊಂದನ್ನು ಅಳತೆಗೆಂದು ಕೊಟ್ಟು ಬರುವುದು ನಮ್ಮ ಕಡೆ ಹೆಂಗಸರ ರೂಢಿ. ಟೈಲರಕ್ಕ ಅದನ್ನು ಮುಟ್ಟುತ್ತಿರಲಿಲ್ಲ. "ಅದು ಹೋದ ವರ್ಷದ ಮೈ. ನನಗೆ ಈ ವರ್ಷದ್ದು ಬೇಕು, ಒಳಗೆ ಬರ್ರಿ" ಎಂದು ಕನ್ನಡಿ ಮುಂದೆ ನಿಲ್ಲಿಸುತ್ತಿದ್ದರು. ಹಬ್ಬದ ಮುಂದೆ ಹತ್ತು ಜನ ಕಾಯುತ್ತಿದ್ದರೂ ಅಷ್ಟೇ. ಅವಸರದವರು ಬೈದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗುತ್ತಿದ್ದರು. ಮುಂದಿನ ಹಬ್ಬಕ್ಕೆ ಮತ್ತೆ ಇವರ ಬಾಗಿಲಿಗೇ ಬರುತ್ತಿದ್ದರು.

ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಬೇರೆ ಟೈಲರುಗಳು ಉದ್ದ ಅಂತ ಒಂದೇ ಅಳತೆ ಹಿಡಿದರೆ ಇವರು ಎರಡು ಹಿಡಿಯುತ್ತಿದ್ದರು. ಕತ್ತಿನ ಗಂಟಿನಿಂದ ಬೆನ್ನ ಮೇಲೆ ಸೊಂಟದವರೆಗೆ ಒಂದು, ಹೆಗಲಿನಿಂದ ಎದೆಯ ಮೇಲೆ ಸೊಂಟದವರೆಗೆ ಇನ್ನೊಂದು. ಹಿಂದು, ಮುಂದು ಎಂದು ಬರೆದುಕೊಳ್ಳುತ್ತಿದ್ದರು. ಎರಡು ಯಾಕೆ ಎಂದು ಒಮ್ಮೆ ಕೇಳಿದೆ.

"ವಯಸ್ಸಾಗ್ತಾ ಬೆನ್ನು ಬಾಗ್ತದೆ ನೋಡ್ರಿ. ಆಗ ಹಿಂದು ಏರ್ತದೆ, ಮುಂದು ಇಳೀತದೆ. ಅದು ಗೊತ್ತಿಲ್ದೆ ಹೊಲಿದ್ರೆ ಬ್ಲೌಸು ಬೆನ್ನಾಗೆ ಮೇಲೇರಿ, ಮುಂದೆ ಜೋತಾಡ್ತದೆ. ನೋಡ್ದೋರು, ಓ ಈಕಿ ಗೂನಾದ್ಲು ಅಂತಾರೆ. ನನ್ನ ಹೊಲಿಗೆ ಹಾಕ್ಕಂಡೋರು ಯಾರೂ ಗೂನಾಗಿ ಕಾಣಂಗಿಲ್ಲ."

ಈ ವಿದ್ಯೆ ಅವರು ಕಲಿತದ್ದು ತಾಯಿಯ ಮೈ ಮೇಲೆ. ಅವರ ತವರು ಜಗಳೂರು. ತಾಯಿಗೆ ಐವತ್ತು ದಾಟುವ ಹೊತ್ತಿಗೇ ಬೆನ್ನು ಬಾಗತೊಡಗಿ, ಅರವತ್ತಕ್ಕೆ ಎದುರು ಬಂದವರ ಮುಖ ನೋಡಬೇಕಾದರೆ ಗೋಡೆ ಹಿಡಿದು ಪಕ್ಕಕ್ಕೆ ತಿರುಗಬೇಕಿತ್ತಂತೆ. "ನಮ್ಮವ್ವ ನನ್ನ ಮಗಳ ಮಕ ನೋಡಿದ್ದು ಅದು ನೆಲದ ಮೇಲೆ ಅಂಬೆಗಾಲಿಡುವಾಗ ಮಾತ್ರ" ಎಂದು ಟೈಲರಕ್ಕ ಹೇಳಿದ್ದು ನನಗೆ ಮರೆಯುವುದಿಲ್ಲ. ದೇವರ ಹತ್ತಿರ ಏನು ಬೇಡಿಕೊಳ್ಳುತ್ತೀರಿ ಎಂದು ಯಾರಾದರೂ ಕೇಳಿದರೆ ಅವರದು ಒಂದೇ ಉತ್ತರ: "ನಮ್ಮವ್ವನಂಗೆ ಮಾಡಬ್ಯಾಡಪ್ಪ ಅಂತೀನಿ. ನಿಂತು ಕತ್ತರಿ ಹಿಡಿಯಾಕೆ ಬೆನ್ನು ಬೇಕು."

ಆದರೆ ತಮ್ಮ ಪುಸ್ತಕದಲ್ಲಿ ಯಾರ ಹಿಂದು ಏರಿದೆ, ಯಾರ ಮುಂದು ಇಳಿದಿದೆ ಎಂಬುದನ್ನು ಅವರು ಯಾರಿಗೂ ಬಾಯಿಬಿಡುತ್ತಿರಲಿಲ್ಲ. ಸುಮ್ಮನೆ ಬಟ್ಟೆಯಲ್ಲಿ ಸರಿಮಾಡಿ ಕೊಡುತ್ತಿದ್ದರು. "ಹೇಳಿ ಯಾಕ್ರಿ ಹೆದರಿಸಾದು? ಮನೆ ತುಂಬ ಕೆಲ್ಸ ಇರೋ ಹೆಂಗಸ್ರು" ಎನ್ನುತ್ತಿದ್ದರು. ನನಗೂ ಅದು ದೊಡ್ಡ ಮನಸ್ಸೆಂದೇ ಕಂಡಿತ್ತು.

ಅವರಿಗೆ ಮೂವತ್ತಾರಾದಾಗ ತಿಂಗಳ ಮುಟ್ಟು ಹದಿನೈದು ದಿನ ನಿಲ್ಲದಂತಾಯಿತು. ಗೆಡ್ಡೆ ಇದೆ ಎಂದು ಹೊನ್ನಾಳಿಯ ಲೇಡಿ ಡಾಕ್ಟರು ಆಪರೇಷನ್ ಮಾಡಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರು. ಹೊಲಿಗೆ ಬಿಚ್ಚಿ ಮನೆಗೆ ಕಳಿಸುವಾಗ ಒಂದು ಮಾತ್ರೆ ಬರೆದುಕೊಟ್ಟು, ಇದು ಹಾರ್ಮೋನಿನದು, ದಿನಾ ಒಂದು, ಐವತ್ತರವರೆಗೂ ಬಿಡಬಾರದು, ಮೂಳೆ ಉಳಿಯಬೇಕಾದರೆ ಬೇಕು, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದರು. ತಾಯಿಯ ಬೆನ್ನಿನ ಕತೆ ಕೇಳಿದ ಮೇಲಂತೂ ಎರಡೆರಡು ಸಲ ಹೇಳಿದ್ದರಂತೆ. ಟೈಲರಕ್ಕ ಎರಡು ತಿಂಗಳು ತಪ್ಪದೆ ನುಂಗಿದರು.

ಮೂರನೇ ಡಬ್ಬಿ ತಂದ ದಿನ ಅದರೊಳಗಿಂದ ಎಂಟು ಮಡಿಕೆಯ ತೆಳು ಕಾಗದವೊಂದು ಬಿತ್ತು. ಎರಡೂ ಮಗ್ಗುಲು ಇಂಗ್ಲಿಷ್, ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಸಂಜೆ ನಾನು ಶಾಲೆಯಿಂದ ಬಂದು ಬ್ಯಾಗು ಇಳಿಸುವ ಮೊದಲೇ ಅದನ್ನು ಹಿಡಿದುಕೊಂಡು ಬಂದರು.

"ಇದರಾಗೆ ಏನು ಬರ್ದಾರೆ, ಸ್ವಲ್ಪ ಓದಿ ಹೇಳ್ರಿ ಟೀಚರಮ್ಮ."

ನನಗೆ ನನ್ನ ಇಂಗ್ಲಿಷಿನ ಮೇಲೆ ಬಲು ಹೆಮ್ಮೆ. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಪಾಠ ಮಾಡುವ ದನಿಯಲ್ಲಿ ಒಂದೊಂದೇ ಸಾಲು ಕನ್ನಡಕ್ಕೆ ಇಳಿಸಿದೆ. ಯಾತಕ್ಕೆ ಕೊಡುವ ಮಾತ್ರೆ ಎಂಬ ಮೇಲಿನ ನಾಲ್ಕು ಸಾಲನ್ನು, ಅದು ನಿಮಗೆ ಗೊತ್ತೇ ಇದೆಯಲ್ಲ ಎಂದು ದಾಟಿಸಿದೆ. ಆಮೇಲೆ ಶುರುವಾಯಿತು. ರಕ್ತ ಹೆಪ್ಪುಗಟ್ಟಬಹುದು. ಪಾರ್ಶ್ವವಾಯು ಆಗಬಹುದು. ಸ್ತನದ ಕ್ಯಾನ್ಸರ್ ಬರಬಹುದು. ಗರ್ಭಕೋಶದ ಕ್ಯಾನ್ಸರ್ ಬರಬಹುದು. ಗರ್ಭಕೋಶ ತೆಗೆಸಿಕೊಂಡು ಎರಡು ತಿಂಗಳಾದ ಹೆಂಗಸಿಗೆ ಗರ್ಭಕೋಶದ ಕ್ಯಾನ್ಸರ್ ಬರಬಹುದೆಂದು ನಾನು ಓದಿ ಹೇಳಿದೆ. ಓದಿದ ನನಗೂ ಕೇಳಿದ ಅವರಿಗೂ ಅದು ಹೊಳೆಯಲಿಲ್ಲ.

ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತರು. "ಮಗಳು ಇನ್ನ ಐದನೇ ಕ್ಲಾಸು ಕಣ್ರಿ" ಎಂದರು.

"ಡಾಕ್ಟರನ್ನ ಒಂದು ಮಾತು ಕೇಳಿ" ಎನ್ನಬಹುದಿತ್ತು. ಹೊನ್ನಾಳಿ ಏನು ದೂರವೇ? ನಾನು ಹಾಗೆನ್ನಲಿಲ್ಲ. ಅದೇ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಒಂದು ಹಸಿರು ಡಬ್ಬಿ ತಂದು ಹೆಂಗಸರಿಗೆಲ್ಲ ತೋರಿಸಿದ್ದರು. ಸೋಯಾ ಕಾಳಿನ ಸತ್ವ, ಗಿಡದಿಂದಲೇ ಬಂದ ಈಸ್ಟ್ರೋಜನ್, ಮೂಳೆಗೆ ಬಲ, ಅಡ್ಡಪರಿಣಾಮವಿಲ್ಲ ಎಂದು ಮೇಲೆ ಎಲೆಗಳ ಚಿತ್ರದ ನಡುವೆ ಬರೆದಿತ್ತು. ಒಳಗೆ ಹೆದರಿಸುವ ಕಾಗದ ಇರಲಿಲ್ಲ. ಕಾಗದವೇ ಇಲ್ಲ ಅಂದಮೇಲೆ ಅಪಾಯವೂ ಇಲ್ಲ ಎಂದು ಲೆಕ್ಕ ಹಾಕಿದ ಪಂಡಿತೆ ನಾನು. ಮರುದಿನವೇ ಒಂದು ಡಬ್ಬಿ ತಂದುಕೊಟ್ಟೆ.

"ಇದೂ ಅದೇ ಕೆಲಸ ಮಾಡುತ್ತೆ, ಟೈಲರಕ್ಕ. ಗಿಡದ್ದು, ಮೈಗೆ ಒಗ್ಗುತ್ತೆ" ಎಂದೆ.

"ನೀವು ಓದ್ದೋರು ಹೇಳಿದ ಮ್ಯಾಲೆ ಆತು ಬಿಡ್ರಿ" ಎಂದು ಅವರು ಅಂದಿನಿಂದ ಮಾತ್ರೆ ಬಿಟ್ಟರು. ಡಾಕ್ಟರು ಬೈತಾರೆಂದು ಹೊನ್ನಾಳಿಗೆ ಹೋಗುವುದನ್ನೂ ಬಿಟ್ಟರು. ಬೆಳಿಗ್ಗೆ ಬಿಸಿ ಹಾಲಿಗೆ ಒಂದು ಚಮಚ ಪುಡಿ ಕಲಸಿ ಕುಡಿದ ಮೇಲೇ ಮಷೀನಿನ ಮೇಲೆ ಕೂರುವುದು. ಒಂದು ದಿನವೂ ತಪ್ಪಿಸಿದವರಲ್ಲ. ಬಂದ ಗಿರಾಕಿಗಳಿಗೆಲ್ಲ, ನಮ್ಮ ಟೀಚರಮ್ಮ ತಂದುಕೊಟ್ಟದ್ದು ಎಂದು ಡಬ್ಬಿ ತೋರಿಸುತ್ತಿದ್ದರು. ನಾನು ಅದನ್ನು ಕೇಳಿ ಖುಷಿಪಡುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಹೀಗೇ ಒಂಬತ್ತು ಹತ್ತು ವರ್ಷ ಹೋಯಿತು. ನ್ಯಾಮತಿ ತಾಲ್ಲೂಕಾಯಿತು, ಅವರ ಮಗಳು ಪಿಯುಸಿ ಮುಗಿಸಿದಳು. ಒಂದು ದೀಪಾವಳಿಗೆ ಟೈಲರಕ್ಕ ಬೆನ್ನಿನ ಕೆಳಗೆ ಬೇರೆ ಬಣ್ಣದ ಪಟ್ಟಿ ಕೂಡಿಸಿದ ಬ್ಲೌಸು ಹಾಕಿಕೊಂಡರು. ಹಸಿರಿಗೆ ಕೆಂಪು, ನೀಲಿಗೆ ಹಳದಿ. ನೋಡಲು ಲಕ್ಷಣವಾಗಿತ್ತು. ಹೊಸ ಮಾಡಲ್ಲು ಎಂದುಕೊಂಡು ಬೀದಿಯ ಹೆಂಗಸರೆಲ್ಲ ನಮಗೂ ಹಾಗೇ ಪಟ್ಟಿ ಇಡಿ ಎಂದರು. ನಾನೂ ಎರಡು ಹೊಲಿಸಿಕೊಂಡೆ. ಅವರು ಒಂದೂ ಮಾತಾಡದೆ ಎಲ್ಲರಿಗೂ ಇಟ್ಟುಕೊಟ್ಟರು. ತಮ್ಮ ಹಳೆಯ ಬ್ಲೌಸುಗಳು ಬೆನ್ನಲ್ಲಿ ಮೇಲೇರಿ ಸೊಂಟ ಕಾಣತೊಡಗಿದ್ದರಿಂದ ಪಟ್ಟಿ ಕೂಡಿಸಿಕೊಂಡಿದ್ದರು ಎಂಬುದು ಆಗ ಯಾರಿಗೆ ಗೊತ್ತು? ನೆಟ್ಟಗಿದ್ದ ನಾವೆಲ್ಲ ಅವರ ಗೂನನ್ನು ಫ್ಯಾಷನ್ನೆಂದು ತೊಟ್ಟುಕೊಂಡು ಮದುವೆ ಮುಂಜಿಗೆ ಓಡಾಡಿದೆವು.

ಆ ಮೇಲಿನ ವೈಶಾಖದಲ್ಲಿ ಬಸವಾಪಟ್ಟಣದಲ್ಲಿ ನನ್ನ ಅಕ್ಕನ ಮಗಳ ಮದುವೆ. ಮದುಮಗಳ ಬ್ಲೌಸನ್ನು ಮೈ ಮೇಲೆ ನೋಡಿಯೇ ಕೊನೆಯ ಹೊಲಿಗೆ ಹಾಕುತ್ತೇನೆಂದು ಟೈಲರಕ್ಕ ಹಟ ಹಿಡಿದು ಹಿಂದಿನ ದಿನವೇ ನನ್ನ ಜೊತೆ ಹೊರಟರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದಾಗ ನಮಗೆ ಸಿಕ್ಕಿದ್ದು ಕಡೆಯ ಸೀಟು. ಬ್ಲೌಸಿನ ಕವರನ್ನು ಸುಕ್ಕಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು. ಯಾವುದೋ ಊರ ಮುಂದಿನ ಹಂಪನ್ನು ಡ್ರೈವರ್ ನೋಡದೆ ಹಾರಿಸಿದ. ನಾವಿಬ್ಬರೂ ಎದ್ದು ಬಿದ್ದೆವು. ನಾನು ಡ್ರೈವರನ್ನು ಬೈದೆ. ಅವರು "ಅವ್ವಾ" ಎಂದದ್ದು ಅಷ್ಟೇ, ಆಮೇಲೆ ಬಸವಾಪಟ್ಟಣ ಬರುವ ತನಕ ಮಾತಿಲ್ಲ. ಕವರನ್ನು ಮಾತ್ರ ಬಿಟ್ಟಿರಲಿಲ್ಲ.

ಮದುವೆ ಮನೆಯಲ್ಲಿ ಮದುಮಗಳನ್ನು ನಿಲ್ಲಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅರ್ಧ ಗಂಟೆ ತೋಳು, ಕತ್ತು, ಸೊಂಟ ಎಲ್ಲ ಸರಿಮಾಡಿದರು. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಕೊನೆಯ ಪಿನ್ನು ಚುಚ್ಚಿದ ಮೇಲೆ ನನ್ನ ಕಡೆ ತಿರುಗಿ, "ಟೀಚರಮ್ಮ, ನನ್ನ ಹಿಡ್ಕಳ್ರಿ, ಬೆನ್ನು ಮುರದೈತೆ" ಎಂದರು. ಸೆಖೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ನಿಜವಾಗಿ ಮುರಿದಿತ್ತು.

ಹೊನ್ನಾಳಿಯ ಅದೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಅವರು ತುಂಬ ಹೊತ್ತು ನೋಡಿದರು. ಬೆನ್ನಿನ ಎರಡು ಮೂಳೆ ಈಗ ಅಪ್ಪಚ್ಚಿಯಾಗಿದ್ದವು. ಮೇಲಿನ ಒಂದು ಯಾವಾಗಲೋ ಕುಸಿದು ಹಾಗೇ ಕೂಡಿಕೊಂಡಿತ್ತು. ಹಳೆಯ ಫೈಲು ತೆಗೆಸಿದರು.

"ಮಾತ್ರೆ ತಗೊಳ್ತಿದ್ದೀರಾ ತಾನೆ?"

"ಇಲ್ಲ ಡಾಕ್ಟ್ರೇ. ಸೋಯಾದ ಪುಡಿ ಕುಡೀತೀನಿ."

"ಸೋಯಾ ತಿನ್ನಿ, ಬೇಡ ಅನ್ನಲ್ಲ. ಅದು ಊಟ. ಆದರೆ ಮೂವತ್ತಾರಕ್ಕೆ ನಿಮ್ಮ ಅಂಡಾಶಯ ತೆಗೆದಿದ್ದೀವಿ. ಮೈ ಐವತ್ತರ ತನಕ ತಾನೇ ಮಾಡಿಕೊಳ್ಳಬೇಕಿದ್ದ ಹಾರ್ಮೋನನ್ನ ನಾನು ಮಾತ್ರೆಯಲ್ಲಿ ವಾಪಸ್ ಕೊಡ್ತಿದ್ದೆ. ಆ ಕೆಲಸ ಈ ಪುಡಿ ಕೈಲಿ ಆಗಲ್ಲ. ಯಾಕೆ ಬಿಟ್ಟಿರಿ? ಯಾರು ಹೇಳಿದ್ರು?"

ನಾನು ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಹೇಳಿಲ್ಲ ಡಾಕ್ಟ್ರೇ. ನಾನೇ ಮರ್ತೆ" ಎಂದರು ಟೈಲರಕ್ಕ.

"ಹತ್ತು ವರ್ಷ ಮರೆತಿರಾ?"

"ಹೂಂನ್ರಿ. ಹೊಲಿಗೆ ಕೆಲ್ಸ ನೋಡ್ರಿ, ನೆನಪಿರಲ್ಲ."

ಐದು ವರ್ಷದ ಹಿಂದೆ ಹೊಲಿದ ತೋಳಿನ ಅಳತೆಯನ್ನು ಪುಸ್ತಕ ತೆರೆಯದೆ ಹೇಳುವ ಹೆಂಗಸು ಡಾಕ್ಟರ ಮುಂದೆ ತಲೆ ತಗ್ಗಿಸಿ ಮರೆವಿನವರೆಂದು ಬೈಸಿಕೊಂಡರು. ನಾನು ಬಾಯಿಬಿಡಲಿಲ್ಲ. ಊರಲ್ಲಿ ಹೆಸರಿರುವ ಟೀಚರು, ಪಕ್ಕದಲ್ಲಿ ಇಬ್ಬರು ನರ್ಸುಗಳಿದ್ದರು, ಒಬ್ಬಳು ನನ್ನ ಶಿಷ್ಯೆ. ಕಾರಣ ಅಷ್ಟೇ. ಆವತ್ತಿನ ನನ್ನ ಆ ಮೌನಕ್ಕೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ.

ಮನೆಗೆ ಬಂದು ಎರಡು ದಿನದ ಮೇಲೆ ಅವರ ಮಂಚದ ಹತ್ತಿರ ಕೂತು, "ಆವತ್ತು ಕಾಗದ ಓದಿದ್ದು ನಾನು, ಟೈಲರಕ್ಕ" ಎಂದೆ.

"ಓದಿಸಿದ್ದು ನಾನಲ್ಲೇನ್ರಿ?" ಎಂದರು. ಮತ್ತೆ, "ಆ ಮಾತು ಇಲ್ಲಿಗೆ ಬಿಡ್ರಿ. ಮಗಳಿಗೆ ಹೇಳಬ್ಯಾಡ್ರಿ, ಆಕಿ ನಿಮ್ಮನ್ನ ಆಮ್ಯಾಲೆ ಮೊದ್ಲಿನಂಗೆ ನೋಡಲ್ಲ" ಎಂದರು. ನಾನು ಮಗಳಿಗೂ ಹೇಳಲಿಲ್ಲ. ಅವರು ಬಿಡಿ ಎಂದದ್ದು ನನಗೆ ಅನುಕೂಲವೇ ಆಯಿತು.

ಮೂಳೆಗೆಂದು ಬೇರೆ ಔಷಧಿ ಶುರುವಾಯಿತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನಾಲ್ಕು ತಿಂಗಳಿಗೆ ಮತ್ತೆ ಮೇಜಿನ ಮುಂದೆ ನಿಂತರು. ಆದರೆ ಎತ್ತರ ಇಳಿದುಹೋಗಿತ್ತು. ಆಳೆತ್ತರದ ಕನ್ನಡಿಯಲ್ಲಿ ಅವರ ತಲೆ ಮುಂಚೆ ಬರುತ್ತಿದ್ದ ಕಡೆ ಈಗ ಹಿಂದಿನ ಗೋಡೆಯ ಕ್ಯಾಲೆಂಡರು ಕಾಣುತ್ತಿತ್ತು. ಕತ್ತಿನ ಗಂಟು ಮುಟ್ಟಲು ಉದ್ದ ಇರುವ ಹೆಂಗಸರನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಮೇಜಿನ ಕಾಲುಗಳನ್ನು ಗಂಡ ಗರಗಸದಿಂದ ಎರಡು ಸಲ ಕತ್ತರಿಸಿ ಕುಳ್ಳಗೆ ಮಾಡಿಕೊಟ್ಟರು. ಜಗಳೂರಿನ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. "ಸದ್ಯ, ನಮ್ಮವ್ವ ನನ್ನನ್ನ ಹಿಂಗೆ ನೋಡ್ಲಿಲ್ಲ" ಎಂದದ್ದು ಒಂದೇ ಸಲ. ಮತ್ತೆ ಬೆನ್ನಿನ ಮಾತು ಎತ್ತಿದವರಲ್ಲ.

ಹೋದ ವರ್ಷ ಶ್ರಾವಣದ ಹೊಲಿಗೆ ಜೋರಾಗಿದ್ದಾಗ, ಮಷೀನು ಬಿಟ್ಟು ಏಳುವಾಗ ನೆಲದ ಮೇಲೆ ಬಿದ್ದಿದ್ದ ಲೈನಿಂಗ್ ಬಟ್ಟೆಯ ಚೂರಿನ ಮೇಲೆ ಕಾಲಿಟ್ಟು ಜಾರಿದರು. ನುಣುಪು ಬಟ್ಟೆ, ಕೆಂಪು ಗಾರೆಯ ನೆಲ. ಬಿದ್ದದ್ದು ಮಂಡಿಯೆತ್ತರದಿಂದ, ಆದರೂ ತೊಡೆಯ ಮೂಳೆ ಸೊಂಟದ ಹತ್ತಿರ ತುಂಡಾಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಮಂಚ ಹಿಡಿದವರು ಮತ್ತೆ ಕಾಲೂರಲಿಲ್ಲ. ಅವರಿಗೆ ಆಗ ಐವತ್ತೆರಡು.

ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ಒಂದು ದಿನ ನೀರು ಕೊಡಲು ಬಗ್ಗಿದಾಗ ಅವರ ಕಣ್ಣು ನನ್ನ ಬ್ಲೌಸಿನ ಮೇಲೆ ನಿಂತಿತು.

"ತಿರುಗ್ರಿ."

"ಯಾಕೆ?"

"ತಿರುಗ್ರಿ ಅಂದ್ನಲ್ಲ. ಟೇಪು ಅಲ್ಲಿ ಮೊಳೆಗೈತೆ, ತರ್ರಿ. ಪುಸ್ತಕಾನೂ ತರ್ರಿ."

ಮಂಚದ ಅಂಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಹೆಬ್ಬೆರಳು ಗಂಟು ಮೂಳೆಯನ್ನು ಹುಡುಕಿ ಒತ್ತಿತು. ತಣ್ಣಗಿತ್ತು. ಹಿಂದು ಹಿಡಿದರು, ನನ್ನನ್ನು ತಿರುಗಿಸಿ ಮುಂದು ಹಿಡಿದರು. ಪುಸ್ತಕದಲ್ಲಿ ನನ್ನ ಪುಟ ತೆಗೆದು ಬರೆದರು. ಮೇಲಿನಿಂದ ಕೆಳಗೆ ಹದಿನೇಳು ವರ್ಷದ ಅಂಕಿಗಳಿದ್ದವು.

"ಹಿಂದು ಅರ್ಧ ಇಂಚು ಏರೈತೆ. ಮುಂದು ಅರ್ಧ ಇಂಚು ಇಳಿದೈತೆ. ಎರಡು ವರ್ಷದಾಗೆ."

ನನಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಬೆನ್ನು ನೋಯುತ್ತಿತ್ತು, ಬಸ್ಸಿನದ್ದು, ಕುರ್ಚಿಯದ್ದು ಎಂದುಕೊಂಡಿದ್ದೆ.

"ನಾನು ಯಾರಿಗೂ ಇದನ್ನ ಹೇಳ್ದೋಳಲ್ಲ. ನಿಮಗೆ ಹೇಳ್ತೀನಿ. ಬ್ಲೌಸಿನಾಗೆ ಮುಚ್ಚಾಕೆ ಇನ್ನ ನಾನಿರಲ್ಲ. ಹೊನ್ನಾಳಿಗೆ ಹೋಗಿ ಆ ಡಾಕ್ಟ್ರಿಗೆ ತೋರಿಸ್ಕಳ್ರಿ." ಉಸಿರು ಎಳೆದುಕೊಂಡು ಇನ್ನೊಂದು ಮಾತು ಸೇರಿಸಿದರು: "ಕಾಗದ ಓದಿ ಎದ್ದು ಬರಬ್ಯಾಡ್ರಿ. ನನಗೆ ಇದು ಆಗ್ತದಾ, ಇಲ್ಲಾ ಅಂತ ಬಾಯಿಬಿಟ್ಟು ಕೇಳ್ರಿ."

ಅಷ್ಟು ವರ್ಷದಲ್ಲಿ ಆ ಕಾಗದದ ಸುದ್ದಿಯನ್ನು ಅವರಾಗಿ ಎತ್ತಿದ್ದು ಅದೊಂದೇ ಸಲ. ಅದೂ ನನ್ನ ಬೆನ್ನು ಉಳಿಸಲು.

ಹನ್ನೆರಡು ದಿನದ ಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿ ತೀರಿಕೊಂಡರು. ಹೆಣವನ್ನು ಕೂರಿಸಿ ಶಾಸ್ತ್ರ ಮಾಡುವಾಗ ಬೆನ್ನು ನಿಲ್ಲಲಿಲ್ಲ. ಹಿಂದೆ ಹಲಗೆ ಕೊಟ್ಟು, ಅವರದೇ ಮಷೀನಿನ ಮೇಲಿದ್ದ ಬಟ್ಟೆಯಿಂದ ಕಟ್ಟಿದರು. ಮಗಳು ಒಳಗಿನಿಂದ ಒಂದು ಬ್ಲೌಸು ತಂದಳು. ಬೆನ್ನಿಗೆ ಎರಡು ಪಟ್ಟಿ ಕೂಡಿಸಿದ್ದು. ಅದು ಅವರಿಗೆ ಸರಿಯಾಗಿ ಕೂತಿತು. ಕೊನೆಯ ದರ್ಶನಕ್ಕೆ ಬಂದ ಹೆಂಗಸರು, ಎಷ್ಟು ನೆಟ್ಟಗೆ ಕೂತಂಗೆ ಕಾಣ್ತಾರೆ ನೋಡ್ರಿ ಎಂದು ಅತ್ತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಹೊನ್ನಾಳಿಗೆ ಹೋದೆ. ಡಾಕ್ಟರಿಗೂ ತಲೆ ನರೆತಿತ್ತು. ಮೂಳೆಯ ಸ್ಕ್ಯಾನು ಮಾಡಿಸಿದರು, ಸವೆತ ಶುರುವಾಗಿತ್ತು. ಬಾಯಿಬಿಟ್ಟು ಎಲ್ಲ ಕೇಳಿದೆ. ನನ್ನ ತಾಯಿಗೂ ಚಿಕ್ಕಮ್ಮನಿಗೂ ಸ್ತನದ ಕ್ಯಾನ್ಸರ್ ಆಗಿದ್ದರಿಂದ ಹಾರ್ಮೋನ್ ಮಾತ್ರೆ ನನಗೆ ಬೇಡ, ಬೇರೆ ದಾರಿ ಇದೆ ಎಂದು ವಾರಕ್ಕೊಂದು ನುಂಗುವ ಮೂಳೆಯ ಮಾತ್ರೆ ಬರೆದರು. ಅದೇ ಹಾರ್ಮೋನ್ ಮಾತ್ರೆ ಒಬ್ಬರಿಗೆ ಬೇಕೇ ಬೇಕು, ಇನ್ನೊಬ್ಬರಿಗೆ ಸಲ್ಲದು. ಈ ಒಂದು ಮಾತನ್ನು ಕೇಳಿಕೊಂಡು ಬರಲು ನಾನು ಆವತ್ತು ಅವರ ಜೊತೆ ಇಲ್ಲಿಗೆ ಬಂದಿದ್ದರೆ ಅರ್ಧ ದಿನ ಹೋಗುತ್ತಿತ್ತು, ಅಷ್ಟೇ.

"ಸರಿಯಾದ ಹೊತ್ತಿಗೆ ಬಂದಿದ್ದೀರಿ. ಯಾರು ಹೇಳಿ ಕಳಿಸಿದ್ರು?" ಎಂದರು ಡಾಕ್ಟರು.

"ನಮ್ಮ ಟೈಲರು."

ಪೆನ್ನು ನಿಂತಿತು. "ಮಾತ್ರೆ ಮರೆತುಬಿಟ್ರಲ್ಲ, ಅವರಾ?"

"ಅವರು ಮರೆತಿರಲಿಲ್ಲ ಡಾಕ್ಟ್ರೇ. ಬಿಡಿಸಿದ್ದು ನಾನು. ಕಾಗದ ಓದಿ ಹೆದರಿಸಿದ್ದು ನಾನು, ಪುಡಿ ತಂದುಕೊಟ್ಟದ್ದು ನಾನು. ಆವತ್ತು ಇಲ್ಲೇ ನಿಂತಿದ್ದೆ. ಅವರು ಹೋಗಿ ಹದಿನಾಲ್ಕು ದಿನ ಆಯಿತು."

ಬಾಗಿಲ ಹತ್ತಿರ ನನ್ನ ಶಿಷ್ಯೆ ಔಷಧಿಯ ಟ್ರೇ ಹಿಡಿದು ನಿಂತಿದ್ದಳು. ಅವಳಿಗೂ ಕೇಳಿಸಿತು, ಕೇಳಿಸಲಿ ಎಂದೇ ಹೇಳಿದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನನ್ನ ಹಿಂದೆ ಬಂದು, ತಲೆ ಬಗ್ಗಿಸಿ ಎಂದು, ಬೆನ್ನು ನೋಡಲು ಕತ್ತಿನ ಗಂಟು ಮೂಳೆಯ ಮೇಲೆ ಬೆರಳಿಟ್ಟರು. ಬೆರಳು ಬೆಚ್ಚಗಿತ್ತು. ಟೈಲರಕ್ಕ ಸತ್ತ ದಿನ ಬಾರದ ಅಳು ನನಗೆ ಆಗ ಬಂತು.